ಕೊನೆಗೆ ಇಡುವ ಬಿಳಿ

ಜನವರಿ 9

ಚಿತ್ರಗಾರರಿಗೆ ನಮಸ್ಕಾರ.

ನಿಮ್ಮ ವಿಳಾಸ ಕೊಟ್ಟವರು ಇಲ್ಲಿಯ ಠಾಣೆಯ ಇನ್ಸ್‌ಪೆಕ್ಟರ್. ನನ್ನ ಮಗಳ ಫೈಲು ಹನ್ನೊಂದು ವರ್ಷದಿಂದ ಅವರ ಬೀರುವಿನಲ್ಲಿದೆ. ಮೊನ್ನೆ ಕರೆಸಿ, ಇನ್ನು ಇದನ್ನು ಹಳೆಯ ದಾಖಲೆಗಳ ಕೋಣೆಗೆ ಕಳಿಸಬೇಕಾಗುತ್ತದೆ, ಅದಕ್ಕೆ ಮುಂಚೆ ಒಂದು ಕೊನೆಯ ಪ್ರಯತ್ನ ಮಾಡೋಣ ಎಂದರು. ಮಗುವಿನ ಫೋಟೋ ನೋಡಿ, ಈಗ ಹೇಗಿರಬಹುದು ಎಂದು ಬರೆದುಕೊಡುವವರು ನಿಮ್ಮ ಕಚೇರಿಯಲ್ಲಿ ನೀವೊಬ್ಬರೇ ಅಂತೆ. ಕಿವಿ ಮಂದ, ಫೋನು ಎತ್ತುವುದಿಲ್ಲ, ಕಾಗದಕ್ಕಾದರೆ ಉತ್ತರ ಬರೆಯುತ್ತಾರೆ ಎಂದೂ ಹೇಳಿದರು. ನನಗೂ ಅದೇ ಅನುಕೂಲ. ಮನೆಯ ಫೋನು ಅತ್ತೆಯ ಮಂಚದ ಪಕ್ಕದಲ್ಲೇ ಇದೆ.

ಕಾಣೆಯಾದಾಗ ಅವಳಿಗೆ ಆರು ವರ್ಷ. ಬಸ್ ನಿಲ್ದಾಣದಲ್ಲಿ ನನ್ನ ಚೀಲದ ಹಿಡಿ ಕಿತ್ತುಬಂತು. ಗಂಟು ಹಾಕಲು ಎರಡೂ ಕೈ ಬೇಕಾಯಿತು. ಅದಕ್ಕೆ ಅವಳ ಕೈ ಬಿಟ್ಟೆ. ಗಂಟು ಹಾಕಿ ತಲೆ ಎತ್ತಿದಾಗ ಇರಲಿಲ್ಲ. ಇದನ್ನು ಹನ್ನೊಂದು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಪಾಠ ಒಪ್ಪಿಸಿದ ಹಾಗೆ ಬರುತ್ತದೆ.

ಇರುವುದು ಒಂದೇ ಫೋಟೋ, ಜೊತೆಗಿಟ್ಟಿದ್ದೇನೆ. ಗುರುತಿನ ಮಚ್ಚೆ, ಗಾಯ ಯಾವುದೂ ಇಲ್ಲ. ನನ್ನ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಮನೆಯಲ್ಲಿ ನಾನು, ಎಂಬತ್ತು ದಾಟಿದ ಅತ್ತೆ, ಇಬ್ಬರೇ. ನಾನು ದಾರದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳು ಬಟ್ಟೆ ತಂದರೆ ಅದೇ ಬಣ್ಣದ ದಾರ ಹುಡುಕಿಕೊಡುವುದು ನನ್ನ ಕೆಲಸ. ದಯವಿಟ್ಟು ಅಂಗಡಿಯ ವಿಳಾಸಕ್ಕೇ ಬರೆಯಿರಿ.

ಇಂತಿ,
ದಾರದ ಅಂಗಡಿಯವಳು


ಜನವರಿ 20

ತಾಯಿ,

ಕಾಗದ ತಲುಪಿತು. ಕಿವಿ ಮಂದ ಎಂದು ಹೇಳಿದ ಆ ಇನ್ಸ್‌ಪೆಕ್ಟರನ್ನು ನಾನು ಬಲ್ಲೆ. ಅವರ ಮಾತು ಕೇಳಿಸದಿರುವುದರಿಂದ ನನಗೆ ದೊಡ್ಡ ನಷ್ಟವೇನೂ ಆಗಿಲ್ಲ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಮೂವತ್ತು ವರ್ಷದಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಮುಖ ಬರೆದಿದ್ದೇನೆ. ನನ್ನ ಚಿತ್ರದಿಂದ ಸಿಕ್ಕಿದವರು ಒಂಬತ್ತು ಜನ. ಆಸೆ ಇಟ್ಟುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟಿದ್ದು. ನಾನಂತೂ ಅಳತೆ ತಪ್ಪದಂತೆ ಬರೆಯುತ್ತೇನೆ.

ನಾನು ಬಿಳಿ ಕಾಗದದ ಮೇಲೆ ಬರೆಯುವವನಲ್ಲ. ಮೈಬಣ್ಣಕ್ಕೆ ಹತ್ತಿರವಾದ ಬಣ್ಣದ ಕಾಗದವನ್ನೇ ಆರಿಸಿಕೊಳ್ಳುತ್ತೇನೆ. ಅದರ ಮೇಲೆ ಬಳಪದ ಹಾಗೆ ಪುಡಿ ಉದುರುವ ಕ್ರೆಯಾನ್ ಕಡ್ಡಿಯಿಂದ ಮೊದಲು ತೆಳು ಗೆರೆ: ಹಣೆ ಎಲ್ಲಿ, ಕಣ್ಣು ಎಲ್ಲಿ, ಗಲ್ಲ ಎಲ್ಲಿ. ಆಮೇಲೆ ಗಾಢ ಕಂದು, ನೆರಳು ಬೀಳುವ ಕಡೆ. ಮೂರನೆಯದು ಕೆಂಪು; ತುಟಿ, ಕೆನ್ನೆ, ಮೂಗಿನ ತುದಿ, ಕಿವಿ. ಉಳಿದ ಜಾಗವನ್ನು ಮುಟ್ಟುವುದಿಲ್ಲ. ಕಾಗದವೇ ಅಲ್ಲಿ ಚರ್ಮ. ಕಲಿಯುವವರು ಎಲ್ಲ ಕಡೆ ತುಂಬಿಸಿ ಮುಖವನ್ನು ಗೋಡೆ ಮಾಡಿಬಿಡುತ್ತಾರೆ. ಬಿಳಿ ಬಳಪ ಎಲ್ಲದಕ್ಕಿಂತ ಕೊನೆಗೆ. ಕಣ್ಣಿನಲ್ಲಿ ಒಂದು ಚುಕ್ಕೆ ಬಿಳಿ ಇಟ್ಟ ಗಳಿಗೆಯಲ್ಲಿ ಮುಖ ನಿಮ್ಮನ್ನು ನೋಡಲು ಶುರು ಮಾಡುತ್ತದೆ. ಪ್ರತಿ ಹಂತದ ಫೋಟೋ ತೆಗೆದು ಕಳಿಸುತ್ತೇನೆ, ನೀವು ತಿದ್ದಬೇಕು.

ಇಲ್ಲಿ ನನಗೆ ಎರಡು ಬಗೆಯ ಕೆಲಸ. ಕಾಣೆಯಾದವರ ಮುಖ ಬರೆಯುವುದು ಒಂದು. ಗುರುತು ಹಿಡಿಯುವವರಿಲ್ಲದೆ ತೀರಿಕೊಂಡವರದು ಇನ್ನೊಂದು. ಆ ಎರಡನೆಯವರ ಕಣ್ಣಿಗೆ ನಾನು ಬಿಳಿ ಇಡುವುದಿಲ್ಲ. ಇಲಾಖೆಯ ನಿಯಮವಲ್ಲ ಇದು, ನನ್ನದು. ನಿಮ್ಮ ಮಗಳಿಗೆ ಇಡುತ್ತೇನೆ.

ಈಗ ನೀವು ಕಳಿಸಬೇಕಾದದ್ದು: ನಿಮ್ಮ ಮತ್ತು ಯಜಮಾನರ ಹದಿನೇಳು ಹದಿನೆಂಟರ ಫೋಟೋಗಳು, ಅಣ್ಣತಮ್ಮಂದಿರದ್ದೂ ಇದ್ದರೆ ಅವು. ಮಗು ಬೆಳೆಯುವುದು ತನ್ನ ಮನೆಯವರ ಮುಖದ ಕಡೆಗೇ. ಮೈಬಣ್ಣಕ್ಕೆ ಹೊಂದುವ ದಾರದ ಒಂದು ಎಳೆ. ನಿಮ್ಮ ಕಣ್ಣನ್ನು ನಂಬುತ್ತೇನೆ. ಇನ್ನೊಂದು ಮುಖ್ಯ: ಫೋಟೋದಲ್ಲಿ ಕೂದಲು ಎರಡೂ ಕಿವಿ ಮುಚ್ಚಿದೆ. ಕಿವಿ ಹೇಗಿತ್ತು? ಮನುಷ್ಯನ ಮುಖದಲ್ಲಿ ಹುಟ್ಟಿನಿಂದ ಸಾಯುವತನಕ ಆಕಾರ ಬದಲಿಸದೆ ಇರುವುದು ಅದೊಂದೇ.

ಚಿತ್ರಗಾರ


ಫೆಬ್ರವರಿ 2

ಚಿತ್ರಗಾರರಿಗೆ,

ದಾರ ಆರಿಸಲು ಮೂರು ದಿನ ಹಿಡಿಯಿತು. ಪೆಟ್ಟಿಗೆಯ ಮುಂದೆ ಕೂತು ಎಳೆ ಎಳೆಯಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಗಡಿ ಯಜಮಾನರು, "ಯಾರ ಬಟ್ಟೆಗಮ್ಮಾ ಇಷ್ಟೊಂದು ಹುಡುಕಾಟ?" ಎಂದು ಕೇಳಿದರು. ಗಿರಾಕಿ ಭಾರಿ ಜಿಗುಟು ಎಂದೆ. ಇನ್ನೂರ ಹದಿನಾಲ್ಕನೇ ನಂಬರಿನ ದಾರ ಕಳಿಸಿದ್ದೇನೆ. ಚಳಿಯಲ್ಲಿ ಅವಳು ಇದಕ್ಕಿಂತ ಒಂದು ಎಳೆ ಕಪ್ಪಾಗುತ್ತಿದ್ದಳು.

ನನ್ನ ಯಜಮಾನರ ಕಾಲೇಜಿನ ಗುರುತಿನ ಚೀಟಿ, ನನ್ನ ಹದಿನೇಳರ ಫೋಟೋ, ನನ್ನ ತಮ್ಮನದೊಂದು, ಎಲ್ಲ ಇಟ್ಟಿದ್ದೇನೆ. ತಮ್ಮನ ದವಡೆ ನೋಡಿ ನಗಬೇಡಿ. ಅವನ ಹಠವೆಲ್ಲ ಅಲ್ಲೇ ಕೂತಿದೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಕಿವಿ ನನ್ನದೇ. ಅಚ್ಚು ಹೊಯ್ದ ಹಾಗೆ. ಪಕ್ಕದಿಂದ ತೆಗೆಸಿದ ನನ್ನ ಒಂದು ಫೋಟೋ ಅದಕ್ಕೆಂದೇ ಇಟ್ಟಿದ್ದೇನೆ.

ದಾರದ ಅಂಗಡಿಯವಳು


ಫೆಬ್ರವರಿ 21

ತಾಯಿ,

ಮೊದಲನೇ ಹಂತ ಕಳಿಸಿದ್ದೇನೆ. ನಿಮ್ಮ ದಾರಕ್ಕೆ ಹೊಂದುವ ಕಾಗದಕ್ಕಾಗಿ ಇಲ್ಲಿಯ ಮೂರು ಅಂಗಡಿ ಸುತ್ತಿದೆ. ಕೊನೆಗೆ ಸಿಕ್ಕಿದ ಹಾಳೆಯ ಮೇಲೆ ದಾರ ಇಟ್ಟರೆ ದಾರವೇ ಕಾಣಿಸಲಿಲ್ಲ. ಇಂಥ ಕಣ್ಣು ಇದ್ದಿದ್ದರೆ ನಾನು ಇಷ್ಟುಹೊತ್ತಿಗೆ ದೊಡ್ಡ ಮನುಷ್ಯನಾಗಿರುತ್ತಿದ್ದೆ.

ಈಗ ಕಾಣುವುದು ಬರೀ ಗೆರೆ. ಮಗುವಿನ ಮುಖದಲ್ಲಿ ಕಣ್ಣು ಕೆಳಗಿರುತ್ತದೆ, ಹಣೆ ದೊಡ್ಡದು. ಬೆಳೆದ ಹಾಗೆ ಮೂಗು ಗಲ್ಲ ಇಳಿಯುತ್ತವೆ. ಎಷ್ಟು ಇಳಿಯಬೇಕು ಎನ್ನುವುದನ್ನು ನಿಮ್ಮ ಮನೆಯವರ ಫೋಟೋಗಳಿಂದ ಅಳೆದೆ. ದವಡೆ ಮಾವನದು, ಅಂದರೆ ನಿಮ್ಮ ತಮ್ಮನದು; ಹುಡುಗಿಯಾದ್ದರಿಂದ ಹಠವನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ. ಮೂಗಿನ ಬುಡ ತಂದೆಯದು. ತಲೆ ತುಸು ಎಡಕ್ಕೆ ತಿರುಗಿಸಿ, ಕೂದಲು ಹಿಂದಕ್ಕೆ ಕಟ್ಟಿದ್ದೇನೆ. ಕಿವಿ ಪೂರ್ತಿ ಕಾಣಬೇಕು. ಗುರುತು ಹಿಡಿಯುವವರಿಗೆ ಅದೇ ಆಧಾರ.

ಮಗುವಿನ ಫೋಟೋದಲ್ಲಿ ತುಟಿಯ ಬಲ ಮೂಲೆ ಸ್ವಲ್ಪ ಮೇಲಕ್ಕೆದ್ದಿದೆ. ಇದು ನಿಮ್ಮ ಮನೆಯ ಯಾವ ಮುಖದಲ್ಲೂ ಇಲ್ಲ. ಫೋಟೋ ತೆಗೆಯುವಾಗ ನಗುತ್ತಿದ್ದಳೇ?

ಚಿತ್ರಗಾರ


ಮಾರ್ಚ್ 3

ಅಣ್ಣಾ,

ಹೀಗೆ ಕರೆಯಬಹುದೇ? ಕರೆದುಬಿಟ್ಟೆ. ಬೇಡವೆನಿಸಿದರೆ ಹೇಳಿ.

ಗೆರೆಗಳಷ್ಟೇ ಎಂದು ಬರೆದಿದ್ದೀರಿ. ಆ ಗೆರೆಗಳನ್ನು ನೋಡಿ ನಾನು ದಾರದ ಪೆಟ್ಟಿಗೆಗಳ ಹಿಂದೆ ಹೋಗಿ ಕೂತುಬಿಟ್ಟೆ. ದವಡೆ ನಮ್ಮ ತಮ್ಮನದೇ. ಹುಬ್ಬಿನ ಕೆಳಗೆ ನಮ್ಮಮ್ಮ ಇದ್ದಾಳೆ. ಇಷ್ಟು ದಿನ ನನ್ನ ಕಣ್ಣಮುಂದೆ ಆರು ವರ್ಷದ ಮಗುವೇ ನಿಂತಿತ್ತು. ಈಗ ಇವಳು ಬಂದಿದ್ದಾಳೆ. ಎಲ್ಲರಿಗೂ, ನೋಡಿ, ನಮ್ಮ ಮನೆ ಮಗಳು ಎಂದು ತೋರಿಸುವ ಹಾಗಿದ್ದಾಳೆ. ಬಟ್ಟೆ ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಸೀರೆ ತೆಗೆಯಲು ಹೋದವಳು ಅಲ್ಲೇ ನಿಂತುಬಿಡುತ್ತೇನೆ. ಅತ್ತೆ ಮಂಚದಿಂದಲೇ, "ಒಂದ್ ಸೀರೆ ಆರಿಸೋಕೆ ಎಷ್ಟೊತ್ತು, ಮದುವೆಗೆ ಹೊರಟಿದ್ದೀಯಾ?" ಎನ್ನುತ್ತಾರೆ.

ತುಟಿ ಹಾಗೆ ಇದ್ದದ್ದು ನಗುತ್ತಿದ್ದಳೆಂದೇ ಇರಬೇಕು. ನೇರ ಮಾಡಿಬಿಡಿ.

ನಿಮ್ಮ ತಂಗಿ


ಮಾರ್ಚ್ 24

ತಂಗಿ,

ಕರೆದದ್ದಕ್ಕೆ ಅಡ್ಡಿಯಿಲ್ಲ. ನನ್ನನ್ನು ಅಣ್ಣ ಎನ್ನುತ್ತಿದ್ದವರು ಯಾರೂ ಈಗ ಉಳಿದಿಲ್ಲ.

ಎರಡು ಮತ್ತು ಮೂರನೇ ಹಂತ ಒಟ್ಟಿಗೆ ಕಳಿಸುತ್ತಿದ್ದೇನೆ. ಕಂದು ಬಿದ್ದ ಮೇಲೆ ಮುಖಕ್ಕೆ ಆಳ ಬಂತು, ಕೆಂಪು ಬಿದ್ದ ಮೇಲೆ ರಕ್ತ ಬಂತು. ಕಿವಿಗೆ ಎರಡು ದಿನ ತೆಗೆದುಕೊಂಡೆ. ಇಷ್ಟು ಖಚಿತವಾಗಿ ಗೊತ್ತಿರುವ ಕಿವಿ ನನಗೆ ಸಿಗುವುದೇ ಅಪರೂಪ. ತುಟಿಯನ್ನು ನೀವು ಹೇಳಿದ ಹಾಗೆ ನೇರ ಮಾಡಿದೆ. ನಿಮ್ಮ ಒಪ್ಪಿಗೆ ಬಂದರೆ ಬಿಳಿ ಇಡುವುದೊಂದೇ ಬಾಕಿ.

ಒಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮುಂದೆ ಯಾರಿಂದಲೋ ತಿಳಿದು ನೀವು ಗಾಬರಿಯಾಗುವುದಕ್ಕಿಂತ ನಾನೇ ಹೇಳುವುದು ಮೇಲು. ಕಳೆದ ವಾರ ಇಲ್ಲಿಯ ಆಸ್ಪತ್ರೆಯಿಂದ ಒಂದು ಫೋಟೋ ಬಂದಿತ್ತು. ಜ್ವರ ತಲೆಗೇರಿ ರಸ್ತೆಯಲ್ಲಿ ಬಿದ್ದಿದ್ದ ಹುಡುಗಿ, ಹದಿನೇಳು ಹದಿನೆಂಟು ಇರಬಹುದು. ಎಚ್ಚರ ಬರುತ್ತದೆ, ಹೋಗುತ್ತದೆ, ಹೆಸರು ಹೇಳುವ ಸ್ಥಿತಿಯಲ್ಲಿಲ್ಲ. ನನ್ನ ಮೇಜಿನ ಮೇಲಿರುವ ಚಿತ್ರಗಳ ಜೊತೆ ಹೋಲಿಸಿ ನೋಡಿ ಎಂದಿದ್ದರು. ನಿಮ್ಮ ಮಗಳ ಚಿತ್ರದ ಪಕ್ಕದಲ್ಲೂ ಇಟ್ಟು ನೋಡಿದೆ. ವಯಸ್ಸು, ಹಣೆ ಹೊಂದುತ್ತವೆ. ದವಡೆ ಬೇರೆ. ಕಿವಿಯಂತೂ ಬೇರೆಯೇ. ಆ ಹುಡುಗಿಯ ಕಿವಿಹಾಲೆ ಕೆನ್ನೆಗೆ ಅಂಟಿಕೊಂಡೇ ಇಳಿದಿದೆ, ನಿಮ್ಮ ಮನೆಯದು ಬಿಡಿಯಾಗಿ ತೂಗುವ ಹಾಲೆ. ಕಿವಿ ನೋಡಿದ ಮೇಲೆ ಇನ್ನೇನೂ ನೋಡಬೇಕಿರಲಿಲ್ಲ. ಅಲ್ಲ ಎಂದು ಬರೆದು ಸಹಿ ಹಾಕಿ ಕಳಿಸಿದೆ.

ಆದ್ದರಿಂದ ನೀವು ನಿಶ್ಚಿಂತೆಯಾಗಿರಿ.

ಅಣ್ಣ


ಮೇ 14

ಅಣ್ಣಾ,

ಉತ್ತರ ತಡವಾಯಿತು, ಕ್ಷಮಿಸಿ. ಅಂಗಡಿಗೆ ಸುಣ್ಣಬಣ್ಣ ಹೊಡೆಸಿದರು. ಪೆಟ್ಟಿಗೆಗಳನ್ನೆಲ್ಲ ಇಳಿಸಿ ಮತ್ತೆ ನಂಬರಿನ ಪ್ರಕಾರ ಜೋಡಿಸಬೇಕಾಯಿತು. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ ಓಡಾಟ. ಹೀಗೇ ದಿನ ಹೋಯಿತು.

ಚಿತ್ರ ಚೆನ್ನಾಗಿದೆ. ತಿದ್ದುವಂಥದ್ದು ಏನೂ ಇಲ್ಲ. ಬಿಳಿ ಇಟ್ಟುಬಿಡಿ.

ನಿಮ್ಮ ತಂಗಿ


ಮೇ 27

ತಂಗಿ,

ಏಳು ವಾರ ಕಾಗದವಿಲ್ಲದೆ, ಬರೆದದ್ದು ಹಿಡಿಸಲಿಲ್ಲವೇನೋ ಎಂದು ಪೆಚ್ಚಾಗಿ ಕೂತಿದ್ದೆ. ಈ ವಯಸ್ಸಿನಲ್ಲೂ ಹೊಗಳಿಕೆ ಬೇಕು ನೋಡಿ. ನಿಮ್ಮ ನಾಲ್ಕು ಸಾಲು ಬಂದ ದಿನವೇ ಬಿಳಿ ಇಟ್ಟೆ. ಹಣೆಯ ಮೇಲೆ ಒಂದು ಎಳೆ, ಮೂಗಿನ ಮೇಲೆ ಒಂದು, ಕೆಳತುಟಿಯ ಮೇಲೆ ಚೂರು, ಕಣ್ಣಿಗೆ ಒಂದೊಂದು ಚುಕ್ಕೆ. ಇಟ್ಟು ಹಿಂದೆ ಸರಿದು ನಿಂತರೆ, ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಅಚ್ಚಾದ ಪೋಸ್ಟರುಗಳು ನಿಲ್ದಾಣಗಳಿಗೆ, ಆಸ್ಪತ್ರೆಗಳಿಗೆ, ಹಾಸ್ಟೆಲುಗಳಿಗೆ ಹೊರಟಿವೆ. ನಿಮ್ಮ ಅಂಗಡಿಗೂ ಎರಡು ಇಟ್ಟಿದ್ದೇನೆ. ಮೂಲ ಚಿತ್ರ ನಿಮಗೇ ಕಳಿಸಿದ್ದೇನೆ, ನಿಯಮಕ್ಕೆ ವಿರುದ್ಧವಾಗಿ. ಯಾರಾದರೂ ಕೇಳಿದರೆ ನನಗೆ ಕಿವಿ ಕೇಳಿಸುವುದಿಲ್ಲ.

ಅಣ್ಣ


ಜೂನ್ 19

ಅಣ್ಣಾ,

ಈ ಕಾಗದ ಓದಿದ ಮೇಲೆ ಹೀಗೆ ಕರೆಸಿಕೊಳ್ಳಲು ನಿಮಗೆ ಮನಸ್ಸಿರುವುದಿಲ್ಲ. ಆದರೂ ಕೊನೆಯ ಸಲ ಎಂದು ಕರೆಯುತ್ತೇನೆ.

ಮೊನ್ನೆ ನನ್ನ ತಮ್ಮ ಅಂಗಡಿಗೆ ಬಂದ. ಗೋಡೆಯ ಪೋಸ್ಟರ್ ನೋಡಿ, "ಅಕ್ಕಾ, ಇದು ನೀನೇ ಅಲ್ವಾ? ಚಿಕ್ಕೋಳಿದ್ದಾಗ ಹೀಗೇ ಇದ್ದೆ" ಎಂದ. ಹೌದು, ನಾನೇ. ನನ್ನ ಕಿವಿ, ಅವನ ದವಡೆ, ನನ್ನ ಗಂಡನ ಮೂಗು. ಅವಳು ಎಲ್ಲೂ ಇಲ್ಲ.

ಅವಳು ನಾನು ಹೆತ್ತ ಮಗಳಲ್ಲ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ಮನೆಗೆ ಬಂದವರ ಮಕ್ಕಳನ್ನು ಎತ್ತಿಕೊಂಡು ಯಾರ ಹಾಗೆ ಇದೆ ಎಂದು ಮುಖ ನೋಡುತ್ತಿದ್ದರು. ಹೆರಿಗೆಗೆ ಎಂದು ಹೇಳಿ ನಾನು ಐದು ತಿಂಗಳು ಬೇರೆ ಊರಿನಲ್ಲಿದ್ದೆ. ಅಲ್ಲಿಯ ಅನಾಥ ಮಕ್ಕಳ ಮನೆಯಿಂದ ಹನ್ನೆರಡು ದಿನದ ಕೂಸನ್ನು ತಂದೆವು. ಗೊತ್ತಿದ್ದದ್ದು ನನಗೆ, ನನ್ನ ಗಂಡನಿಗೆ. ಅವರೂ ಹೋದರು. ಈಗ ನಿಮಗೆ.

ಅವಳ ಕಿವಿಹಾಲೆ ಕೆನ್ನೆಗೆ ಅಂಟಿಕೊಂಡಿತ್ತು. ನಮ್ಮ ಎರಡೂ ಮನೆಗಳಲ್ಲಿ ಅಂಥ ಕಿವಿ ಇಲ್ಲ. ಓಲೆ ಹಾಕಿಸಲು ಹೋದಾಗ ಚಿನ್ನದ ಕೆಲಸದವನು, "ಇಲ್ಲಿ ಚುಚ್ಚೋಕೆ ಜಾಗಾನೇ ಇಲ್ವಲ್ಲಮ್ಮ" ಎಂದ. ನಾನು ಹಠ ಹಿಡಿದು ಚುಚ್ಚಿಸಿದೆ. ಎಡಗಿವಿಯ ತುದಿ ಹರಿದು ಚಿಕ್ಕ ಸೀಳಾಗಿ ಉಳಿಯಿತು. ಅಂದಿನಿಂದ ಅವಳ ಕೂದಲನ್ನು ಕಿವಿ ಮುಚ್ಚುವಂತೆ ಕತ್ತರಿಸಿದೆ. ಕೂದಲು ಸರಿದರೆ ಕಿವಿಯ ಮೇಲೆ ಎಳೆದುಕೊಳ್ಳಬೇಕು, ಅಜ್ಜಿ ಹತ್ತಿರ ಬಂದಾಗ ಮರೆಯಬಾರದು ಎಂದು ಕಲಿಸಿದ್ದೆ. ಮೂರು ವರ್ಷದ ಮಗು, ಆಟವೆಂದುಕೊಂಡು ಕಲಿತಳು. ಕೇಳಿದವರಿಗೆಲ್ಲ ಕಿವಿ ನನ್ನದೇ ಎನ್ನುತ್ತಿದ್ದೆ. ಪೊಲೀಸರಿಗೂ ಅದನ್ನೇ ಹೇಳಿದೆ. ನೀವು ಕೇಳಿದಾಗ ಕೈ ತಾನಾಗಿಯೇ ಅದನ್ನೇ ಬರೆಯಿತು. ತುಟಿಯ ಮೂಲೆಯೂ ಹುಟ್ಟಿನಿಂದ ಹಾಗೇ ಇತ್ತು.

ನಿಮ್ಮ ಮಾರ್ಚಿನ ಕಾಗದದಲ್ಲಿ ಆಸ್ಪತ್ರೆಯ ಹುಡುಗಿಯ ಕಿವಿಯ ಮಾತಿತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಂಥ ಕಿವಿ ಎಷ್ಟು ಜನರಿಗಿಲ್ಲ ಎಂದುಕೊಂಡೆ. ನಾಳೆ ಬರೆಯೋಣ ಎಂದುಕೊಂಡೆ. ಬರೆದರೆ ಅತ್ತೆಗೆ ಗೊತ್ತಾಗುತ್ತದೆ, ತಮ್ಮನಿಗೆ ಗೊತ್ತಾಗುತ್ತದೆ. ಅದಷ್ಟೇ ಅಲ್ಲ, ಎಲ್ಲವನ್ನೂ ಹೇಳಿಬಿಡುತ್ತೇನೆ. ಬೀರುವಿನ ಬಾಗಿಲಿನಲ್ಲಿದ್ದ ಹುಡುಗಿಯನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಜೀವಮಾನವಿಡೀ ಸುಳ್ಳು ಹೇಳಿ ಕಟ್ಟಿದ ಮುಖವನ್ನು ನೀವು ನಿಜ ಮಾಡಿಕೊಟ್ಟಿದ್ದಿರಿ. ನಾನು ಅವಳ ಜೊತೆ ಇದ್ದುಬಿಟ್ಟೆ.

ಆ ಹುಡುಗಿ ಈಗ ಹೇಗಿದ್ದಾಳೆ? ಆಸ್ಪತ್ರೆಯ ಹೆಸರು ತಿಳಿಸಿ. ನಾಳೆಯೇ ಹೊರಡುತ್ತೇನೆ.


ಜೂನ್ 25

ನಿಮ್ಮ ಕಾಗದ ತಲುಪಿದೆ.

ಈಗಲೇ ಹೊರಡಬೇಡಿ. ನಾನು ವಿಚಾರಿಸಿ ತಿಳಿಸುತ್ತೇನೆ. ಪೋಸ್ಟರುಗಳನ್ನು ವಾಪಸು ತರಿಸಲು ಹೇಳಿದ್ದೇನೆ, ಕಾರಣ ಬರೆದಿಲ್ಲ. ನಿಮ್ಮ ದಾರ ಇನ್ನೂ ನನ್ನ ಹತ್ತಿರ ಇದೆ, ಅದೇ ಕಾಗದದ ಇನ್ನೆರಡು ಹಾಳೆಗಳೂ ಇವೆ. ಮನೆಯವರ ಫೋಟೋಗಳನ್ನು ಲಕೋಟೆಗೆ ಹಾಕಿ ಅಂಟಿಸಿಬಿಟ್ಟಿದ್ದೇನೆ. ಈ ಸಲ ಮಗುವಿನ ಮುಖ ಒಂದನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ.

ಚಿತ್ರಗಾರ


ಜುಲೈ 8

ಚಿತ್ರಗಾರರಿಗೆ,

ಚಿತ್ರ ನಿಧಾನವಾಗಿ ಬರೆಯಿರಿ. ನಾನು ಕೇಳಿದ್ದು ಆ ಹುಡುಗಿಯ ವಿಚಾರ. ಅದಕ್ಕೆ ನೀವು ಒಂದು ಸಾಲೂ ಬರೆದಿಲ್ಲ. ಬೈಯುವುದಿದ್ದರೆ ಬೈದುಬಿಡಿ, ಅದಕ್ಕೆ ತಯಾರಾಗಿದ್ದೇನೆ. ಗುಣವಾಗಿ ಎಲ್ಲಿಗಾದರೂ ಹೊರಟುಹೋದಳೇ? ಹೋಗಿದ್ದರೆ ಯಾವ ಕಡೆಗೆ ಎಂದು ಯಾರಾದರೂ ಬರೆದಿಟ್ಟಿರುತ್ತಾರಲ್ಲ.

ಅಂಗಡಿಯಲ್ಲಿ ನಿನ್ನೆ ಹಸಿರು ಬಟ್ಟೆಗೆ ನೀಲಿ ದಾರ ಕೊಟ್ಟು ಕಳಿಸಿದೆನಂತೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಅಂಗಡಿ ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೀರುವಿನ ಚಿತ್ರವನ್ನು ತೆಗೆದು ಸೀರೆಗಳ ಕೆಳಗೆ ಮಗುಚಿಟ್ಟಿದ್ದೇನೆ.

ಬೇಗ ಬರೆಯಿರಿ.


ಜುಲೈ 30

ತಾಯಿ,

ಚಿತ್ರ ಕಳಿಸಿದ್ದೇನೆ. ಈ ಸಲ ಹಂತಗಳ ಫೋಟೋ ತೆಗೆಯಲಿಲ್ಲ. ಎರಡನೇ ಹಂತಕ್ಕೆ ಬಂದಾಗಲೇ, ಮಾರ್ಚಿನಲ್ಲಿ ನನ್ನ ಮೇಜಿನ ಮೇಲೆ ಬಂದಿದ್ದ ಆ ಫೋಟೋ ಕಾಗದದಿಂದ ಮೇಲೇಳುತ್ತಿತ್ತು. ನೆನಪು ಕೈಯನ್ನು ಎಳೆಯುತ್ತಿದೆಯೇನೋ ಎಂದು ಆ ಹಾಳೆ ಹರಿದು ಇನ್ನೊಂದರಲ್ಲಿ ಬರೆದೆ. ಮತ್ತೆ ಅವಳೇ ಬಂದಳು.

ಆಸ್ಪತ್ರೆಗೆ ಹೋಗಿದ್ದೆ. ಆ ವಾರ್ಡಿನ ನರ್ಸಮ್ಮ ಈಗಲೂ ಅಲ್ಲೇ ಇದ್ದಾರೆ. ನನಗೆ ಕೇಳಿಸಲೆಂದು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಎಡಗಿವಿಯ ತುದಿಯಲ್ಲಿ ಸೀಳಿತ್ತು. ಎಲ್ಲಿದ್ದಳು, ಯಾರ ಹತ್ತಿರ ಬೆಳೆದಳು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಅಂಗೈ ಒರಟಾಗಿತ್ತು, ದುಡಿದ ಕೈ. ನಡುವೆ ಕೆಲವು ದಿನ ಎಚ್ಚರವಿತ್ತು, ಮಾತು ತೊದಲುತ್ತಿತ್ತು. ನರ್ಸಮ್ಮ ತಲೆ ಬಾಚಿ ಕೂದಲು ಹಿಂದಕ್ಕೆ ಕಟ್ಟಿದಾಗಲೆಲ್ಲ, ಅಷ್ಟು ಜ್ವರದಲ್ಲೂ ಕೈ ಎತ್ತಿ ಕೂದಲನ್ನು ಕಿವಿಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳಂತೆ. ಯಾಕಮ್ಮಾ ಎಂದು ಕೇಳಿದರೆ ನಗುತ್ತಿದ್ದಳಂತೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ನಿಮ್ಮ ಹತ್ತಿರ ಇನ್ನೇನನ್ನಾದರೂ ಮುಚ್ಚಿಟ್ಟರೆ, ನಮ್ಮಿಬ್ಬರ ನಡುವೆ ನಿಜ ಎಂಬುದೇ ಉಳಿಯುವುದಿಲ್ಲ.

ತೀರಿಕೊಂಡದ್ದು ಏಪ್ರಿಲ್‌ನಲ್ಲಿ. ತಾರೀಖು ಬರೆಯುವುದಿಲ್ಲ. ಯಾರೂ ಬರಲಿಲ್ಲವೆಂದು ಆಸ್ಪತ್ರೆಯವರೇ ಮಣ್ಣು ಮಾಡಿದ್ದಾರೆ. ಜಾಗ ನೋಡಿ ಬಂದಿದ್ದೇನೆ. ಕಬ್ಬಿಣದ ತಗಡಿನ ಮೇಲೆ ನಂಬರ್ ಇದೆ. ನೀವು ಬಂದಾಗ ಕರೆದುಕೊಂಡು ಹೋಗುತ್ತೇನೆ.

ನೀವು ಕಿವಿಯ ವಿಷಯದಲ್ಲಿ ಸುಳ್ಳು ಹೇಳಿದಿರಿ, ಸರಿ. ಆದರೆ ಅಲ್ಲ ಎಂದು ಸಹಿ ಹಾಕಿದ ಕೈ ನನ್ನದು. ಹಣೆ ಹೊಂದಿತ್ತು. ತುಟಿಯ ಬಲ ಮೂಲೆ ಮೇಲಕ್ಕೆದ್ದಿದ್ದು ಆ ಫೋಟೋದಲ್ಲೂ ಕಂಡಿತ್ತು, ಜ್ವರಕ್ಕೆ ಮುಖ ಸೆಳೆದಿದೆ ಎಂದುಕೊಂಡೆ. ನನ್ನ ಚಿತ್ರದ ಮೇಲೆ ನನಗೆ ಅಷ್ಟು ನಂಬಿಕೆ. ಆಸ್ಪತ್ರೆ ನನ್ನ ಕಚೇರಿಯಿಂದ ನಡೆದು ಹೋಗುವಷ್ಟು ದೂರ. ಆಗ ಒಮ್ಮೆ ಹೋಗಿ ನೋಡಲಿಲ್ಲ.

ಚಿತ್ರದ ಮೇಲೆ ಅಂಟಿನ ನೀರು ಸಿಂಪಡಿಸಿಲ್ಲ, ಕೈ ತಾಗಿದರೆ ಅಳಿಸುತ್ತದೆ. ಕಣ್ಣಿಗೆ ಬಿಳಿ ಇಟ್ಟಿಲ್ಲ.

ಚಿತ್ರಗಾರ


ಆಗಸ್ಟ್ 17

ಅಣ್ಣಾ,

ಕಾಗದಕ್ಕಿಂತ ಮೊದಲು ಚಿತ್ರವನ್ನೇ ಬಿಚ್ಚಿದೆ. ಕಣ್ಣು ನೋಡಿದೆ. ಆಮೇಲೆ ಕಾಗದ ಓದಬೇಕಾದ ಅಗತ್ಯ ಇರಲಿಲ್ಲ, ಆದರೂ ಓದಿದೆ. ನೀವು ನನ್ನನ್ನು ತಾಯಿ ಎಂದು ಕರೆದಿದ್ದೀರಿ. ಮೊದಲ ಕಾಗದದಲ್ಲಿ ಹಾಗೆ ಕರೆದಾಗ ನನಗೆ ಏನೂ ಅನ್ನಿಸಿರಲಿಲ್ಲ.

ತಾರೀಖನ್ನು ನೀವು ಬರೆಯಲಿಲ್ಲ. ನಾನು ಠಾಣೆಗೆ ಹೋಗಿ ಎಲ್ಲ ಹೇಳಿ ತಿಳಿದುಕೊಂಡೆ. ಏಪ್ರಿಲ್ ಹನ್ನೆರಡು. ನಿಮ್ಮ ಮಾರ್ಚಿನ ಕಾಗದ ನನ್ನ ಕೈ ಸೇರಿದ್ದು ಇಪ್ಪತ್ತೊಂಬತ್ತರಂದು, ಲಕೋಟೆಯ ಮೇಲೆ ಮುದ್ರೆ ಇದೆ. ಹದಿನಾಲ್ಕು ದಿನ. ಬಸ್ಸಿನಲ್ಲಿ ನಿಮ್ಮ ಊರಿಗೆ ಒಂದೂವರೆ ದಿನದ ದಾರಿ. ಆ ಹದಿನಾಲ್ಕು ದಿನ ನಾನು ಅಂಗಡಿಯ ಪೆಟ್ಟಿಗೆಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದೆ. ಬಸ್ ನಿಲ್ದಾಣದಲ್ಲಿ ಅವಳ ಕೈ ಬಿಟ್ಟದ್ದು ಏನಾಗುತ್ತದೆಂದು ಗೊತ್ತಿಲ್ಲದೆ. ಈ ಸಲ ಗೊತ್ತಿದ್ದೇ ಬಿಟ್ಟೆ. ಸಹಿ ಹಾಕಿದ ಕೈ ನಿಮ್ಮದೆಂದು ಬರೆದಿದ್ದೀರಿ. ನೀವು ಅಳೆದದ್ದು ನಾನು ಕೊಟ್ಟ ಅಳತೆಯಿಂದ. ನಿಮ್ಮ ಪಾಲಿನದ್ದನ್ನು ನೀವು ಹೊರುತ್ತೀರಿ, ಬೇಡವೆಂದರೂ ಬಿಡುವವರಲ್ಲ. ನನ್ನ ಪಾಲಿನಲ್ಲಿ ಮಾತ್ರ ಪಾಲು ಕೇಳಬೇಡಿ.

ಅತ್ತೆಗೆ ಹೇಳಿದೆ. ಭಾನುವಾರ ಬೆಳಿಗ್ಗೆ ಅವರ ಮಂಚದ ಪಕ್ಕದಲ್ಲಿ ಕೂತು, ಅನಾಥ ಮಕ್ಕಳ ಮನೆಯಿಂದ ಹಿಡಿದು ನಿಮ್ಮ ಕೊನೆಯ ಕಾಗದದವರೆಗೆ ಎಲ್ಲವನ್ನೂ ಹೇಳಿದೆ. ಎಲ್ಲ ಮುಗಿದ ಮೇಲೆ ಎದ್ದು ಕೂತರು. ಚಿತ್ರ ಕೇಳಿದರು. ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ನಾನು ಬೇಡ ಎನ್ನುವಷ್ಟರಲ್ಲಿ ಬೆರಳಿನಿಂದ ಕಿವಿಯನ್ನು ಸವರಿದರು.

"ಇವಳೇ," ಎಂದರು. "ಇದೇ ಕಿವಿ."

ಬೆರಳನ್ನು ಆ ಕಿವಿಯಿಂದ ತೆಗೆಯದೆ ಮುಂದುವರಿಸಿದರು.

"ನೀನು ಅಂಗಡೀಗೆ ಹೋದ್ಮೇಲೆ ಆರು ವರ್ಷ ಅವಳ ತಲೆ ತೊಳೆದೋಳು ನಾನಲ್ವೇನೇ? ಕಿವಿ ಹಿಂದೆ ಸೋಪು ಉಳೀಬಾರ್ದು ಅಂತ ದಿನಾ ಕೂದ್ಲು ಎತ್ತಿ ಒರೆಸ್ತಿದ್ದೆ. ನಿನ್ನದಲ್ಲ ಅಂತ ಮೊದಲ್ನೇ ವಾರಾನೇ ಗೊತ್ತಾಯ್ತು. ನೀನಾಗೇ ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ನಿನಗೆ ನೋವಾಗುತ್ತೆ ಅಂತ ನಾನೂ ಕೇಳ್ಲಿಲ್ಲ."

ಇಷ್ಟೇ ಹೇಳಿದ್ದು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಈವತ್ತಿಗೆ ಐದು ದಿನ, ನನ್ನ ಹತ್ತಿರ ಮಾತಾಡಿಲ್ಲ. ಊಟ ಕೊಟ್ಟರೆ ಮಾಡುತ್ತಾರೆ. ಬೆರಳಿನ ತುದಿಗೆ ಅಂಟಿದ ಕೆಂಪು ಕ್ರೆಯಾನನ್ನು ಎರಡು ದಿನ ತೊಳೆಯಲು ಬಿಡಲಿಲ್ಲ.

ಮುಂದಿನ ವಾರ ಬರುತ್ತೇನೆ. ಆ ಜಾಗ ತೋರಿಸಿ, ಸಾಕು. ನೀವು ಮೊದಲು ಬರೆದ ಚಿತ್ರವನ್ನು ಜೊತೆಗೆ ತಂದು ನಿಮಗೇ ವಾಪಸು ಕೊಡುತ್ತೇನೆ. ಆ ಚಿತ್ರದವಳು ನಮ್ಮ ಯಾರಿಗೂ ಸೇರಿದವಳಲ್ಲ.

ಎರಡನೆಯದು ಅತ್ತೆಯ ದಿಂಬಿನ ಪಕ್ಕದಲ್ಲಿದೆ. ಕಿವಿಯ ತುದಿ ಅಳಿಸಿಹೋಗಿದೆ. ತಿದ್ದಲು ಕಳಿಸುವುದಿಲ್ಲ.

ನಿಮ್ಮ ತಂಗಿ